ಓದುಗರ ಕಟಕಟೆ: ಸೀಸನ್ ಮುಗಿಯುವ ಹೊತ್ತಿಗೆ ಪತ್ತೇದಾರನಿಗೇ ಏಕೆ ಪೆಟ್ಟು?

ಕಳೆದ ಸಂಚಿಕೆಯಲ್ಲಿ ‘ಸಿಎಸ್‌ಐ’ ಸರಣಿಯ ಐದನೇ ಸೀಸನ್ನಿನ ಕಡೆಯ ಎರಡು ಕಂತುಗಳ ಬಗ್ಗೆ ಬರೆದಿದ್ದೆ. ನೋಡದವರಿಗಾಗಿ ಒಂದೆರಡು ಮಾತು: ಇದು ಲಾಸ್ ವೇಗಸ್‌ನ ವಿಧಿವಿಜ್ಞಾನ ತಂಡದ ಕಥೆ. 2005ರ ಮೇ 19ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಈ ಜೋಡಿ ಕಂತಿನ ಹೆಸರು ‘ಗ್ರೇವ್ ಡೇಂಜರ್’. ನಿರ್ದೇಶನ ಕ್ವೆಂಟಿನ್ ಟಾರಂಟಿನೊ ಅವರದು. ತಂಡದ ನಿಕ್ ಸ್ಟೋಕ್ಸ್‌ನನ್ನು ಯಾರೋ ಅಪಹರಿಸಿ, ಪಾರದರ್ಶಕ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಜೀವಂತ ಹೂಳುತ್ತಾರೆ. ಅವನ ಒದ್ದಾಟವನ್ನು ಸಹೋದ್ಯೋಗಿಗಳು ಕಂಪ್ಯೂಟರ್ ಪರದೆಯಲ್ಲಿ ನೇರವಾಗಿ ನೋಡುವಂತೆ ಏರ್ಪಾಡು ಮಾಡಿರುತ್ತಾರೆ. ಕಂತು ಬಿಗಿಯಾಗಿದೆ, ಆದರೆ ತನಿಖೆಯ ಕಥೆಯಾಗಿ ಉಳಿದಿಲ್ಲ ಎಂದು ನಾನು ಬರೆದಿದ್ದೆ. ಅಷ್ಟು ಸಾಕಾಯಿತು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಗುಳದವು. ಬೈದವರಿಗೇ ಮೊದಲ ಮಣೆ.

ಪ್ರಶ್ನೆ: ಮೇಡಂ, ನಿಕ್ ಆ ಪೆಟ್ಟಿಗೆಯೊಳಗೆ ಉಸಿರಿಗಾಗಿ ಒದ್ದಾಡುವಾಗ ನಮ್ಮ ಮನೆಯಲ್ಲಿ ಎಲ್ಲರೂ ಕಣ್ಣೀರು ಹಾಕಿದೆವು. ನೀವು ಮಾತ್ರ ‘ತನಿಖೆ ಎಲ್ಲಿ’ ಎಂದು ಕೇಳುತ್ತೀರಿ. ದಾಖಲೆ ಕೊಠಡಿಯಲ್ಲಿ ಕೂತು ಕೂತು ನಿಮ್ಮ ಎದೆಗೂ ಧೂಳು ಹಿಡಿದಿದೆಯೇ?
— ಸಿಟ್ಟಾಗಿರುವ ಬ್ಯಾಂಕ್ ಉದ್ಯೋಗಿ

ಉತ್ತರ: ಧೂಳು ಹಿಡಿದಿರುವುದು ಶ್ವಾಸಕೋಶಕ್ಕೆ. ನ್ಯಾಯಾಲಯದ ಹಳೆಯ ಕಡತಗಳ ನಡುವೆ ದುಡಿದವರಿಗೆಲ್ಲ ನಿವೃತ್ತಿಯ ದಿನ ಹಾರದ ಜೊತೆಗೆ ಸಿಗುವ ಉಡುಗೊರೆ ಅದು. ಎದೆ ಇನ್ನೂ ಸುಸ್ಥಿತಿಯಲ್ಲಿದೆ.

ಆ ಕಂತಿನಲ್ಲಿ ನನ್ನನ್ನು ಕುರ್ಚಿಯ ತುದಿಗೆ ತಂದು ಕೂರಿಸಿದ್ದು ಯಾವುದು ಗೊತ್ತೇ? ನಿಕ್‌ನ ಮುಖವಲ್ಲ, ಒಂದು ಗುಂಡಿ. ಪರದೆಯ ಮೇಲಿನ ಆ ಗುಂಡಿಯನ್ನು ಒತ್ತಿದರೆ ಪೆಟ್ಟಿಗೆಯೊಳಗೆ ದೀಪ ಹತ್ತುತ್ತದೆ, ಗೆಳೆಯ ಕಾಣಿಸುತ್ತಾನೆ. ಜೀವ ಇದೆಯೇ ಎಂದು ನೋಡುವ ಆತುರದಲ್ಲಿ ತಂಡದವರು ಅದನ್ನು ಮತ್ತೆ ಮತ್ತೆ ಒತ್ತುತ್ತಾರೆ. ದೀಪ ಹತ್ತಿದಾಗಲೆಲ್ಲ ಒಳಗೆ ಗಾಳಿ ತಳ್ಳುವ ಫ್ಯಾನು ನಿಂತುಹೋಗುತ್ತದೆ ಎಂಬುದು ಅವರಿಗೆ ಆಮೇಲೆ ಹೊಳೆಯುತ್ತದೆ. ನೋಡಬೇಕೆಂಬ ಪ್ರೀತಿಯೇ ಅವನ ಉಸಿರನ್ನು ಕದಿಯುತ್ತಿತ್ತು. ಒಂದು ಸ್ವಿಚ್ಚು, ಒಂದು ಫ್ಯಾನು ಇಟ್ಟುಕೊಂಡು ಇಷ್ಟು ಕ್ರೂರವಾದ ಏರ್ಪಾಡನ್ನು ಹೊಸೆದ ಬರಹಗಾರರಿಗೆ ನಾನು ಎದ್ದು ನಿಂತು ಕೈಮುಗಿಯುತ್ತೇನೆ.

ಈಗ ತಕರಾರಿಗೆ ಬರೋಣ. ಅಪಹರಿಸಿದವನು ವಾಲ್ಟರ್ ಗಾರ್ಡನ್. ಅವನ ಮಗಳು ಕೆಲ್ಲಿ ಕೊಲೆಯೊಂದಕ್ಕೆ ನೆರವಾದಳೆಂದು ಜೈಲಿನಲ್ಲಿದ್ದಾಳೆ. ಅವಳನ್ನು ಒಳಗೆ ಹಾಕಿಸಿದ್ದು ಇದೇ ಪ್ರಯೋಗಾಲಯದ ಸಾಕ್ಷ್ಯ. ಹತ್ತು ಲಕ್ಷ ಡಾಲರ್ ಒತ್ತೆ ಹಣ ಕೈಗೆ ಬಂದ ಹೊತ್ತಿನಲ್ಲಿ ಆ ತಂದೆ ಬಾಂಬಿನಿಂದ ತನ್ನನ್ನೇ ಸಿಡಿಸಿಕೊಳ್ಳುತ್ತಾನೆ, ಹಣ ಅವನಿಗೆ ಬೇಕಾಗಿಯೇ ಇರಲಿಲ್ಲ. ಅವನದು ಒಂದೇ ದೂರು: ನನ್ನ ಮಗಳ ವಿಷಯದಲ್ಲಿ ನೀವು ತಪ್ಪು ಮಾಡಿದ್ದೀರಿ. ಆ ಸಾಕ್ಷ್ಯ ಗಟ್ಟಿಯಾಗಿತ್ತೇ? ಮರುಪರೀಕ್ಷೆಗೆ ನಿಲ್ಲುತ್ತಿತ್ತೇ? ಎರಡು ಕಂತುಗಳ ಅವಧಿಯಿದ್ದೂ ಕಥೆ ಆ ಕಡತದ ದಾರವನ್ನು ಬಿಚ್ಚುವುದಿಲ್ಲ. ಕೊನೆಯಲ್ಲಿ ನಿಕ್ ಜೈಲಿಗೆ ಹೋಗಿ, ಹೊರಗೆ ಬಂದಾಗ ಈ ಜಾಗವನ್ನು ಜೊತೆಗೆ ಹೊತ್ತು ತರಬೇಡ ಎಂಬರ್ಥದ ಮಾತನ್ನು ಅವಳಿಗೆ ಹೇಳುತ್ತಾನೆ. ಒಳ್ಳೆಯ ಮಾತೇ. ಆದರೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಅವಳ ಕೇಸು.

ಪ್ರಶ್ನೆ: ಹಾಗಾದರೆ ನೀವು ಅಪಹರಣಕಾರನ ಪರವೋ?
— ಕಾನೂನು ವಿದ್ಯಾರ್ಥಿ

ಉತ್ತರ: ಇಲ್ಲ. ಮೇಲ್ಮನವಿಯ ಪರ. ನೀವು ಕಾನೂನು ಓದುತ್ತಿರುವುದು ನಿಜವಾದರೆ ಈ ಪ್ರಶ್ನೆಯನ್ನು ನಿಮ್ಮ ಮೇಷ್ಟರ ಮುಂದೆ ಎತ್ತಬೇಡಿ.

ಪ್ರಶ್ನೆ: ವರ್ಷವಿಡೀ ಯಾರೋ ಅಪರಿಚಿತರು ಸಾಯುತ್ತಾರೆ. ಸೀಸನ್ ಮುಗಿಯಲು ಒಂದೆರಡು ಕಂತು ಉಳಿದಾಗ ಮಾತ್ರ ಪೊಲೀಸರಿಗೇ ಗುಂಡು, ಪೊಲೀಸರಿಗೇ ಅಪಹರಣ. ಅಪರಾಧಿಗಳೂ ಕ್ಯಾಲೆಂಡರ್ ನೋಡಿಕೊಂಡು ಕೆಲಸ ಮಾಡುತ್ತಾರೆಯೇ?
— ಶಾಲಾ ಶಿಕ್ಷಕಿ

ಉತ್ತರ: ಅಪರಾಧಿಗಳು ನೋಡುವುದಿಲ್ಲ, ವಾಹಿನಿಯವರು ನೋಡುತ್ತಾರೆ. ಅಮೆರಿಕದ ದೊಡ್ಡ ವಾಹಿನಿಗಳಲ್ಲಿ ಇಂಥ ಸರಣಿಗಳು ಸೆಪ್ಟೆಂಬರ್ ಸುಮಾರಿಗೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತವೆ. ಒಂದು ಸೀಸನ್ನಿಗೆ ಇಪ್ಪತ್ತೆರಡೋ ಇಪ್ಪತ್ನಾಲ್ಕೋ ಕಂತು. ವೀಕ್ಷಕರ ಲೆಕ್ಕವಿಡುವ ನೀಲ್ಸನ್ ಸಂಸ್ಥೆ ನವೆಂಬರ್, ಫೆಬ್ರವರಿ, ಮೇ, ಜುಲೈ ತಿಂಗಳುಗಳಲ್ಲಿ ಮನೆಮನೆಗೆ ಡೈರಿ ಕಳಿಸಿ, ಯಾರು ಏನು ನೋಡಿದರೆಂದು ಬರೆಸಿಕೊಳ್ಳುತ್ತಿತ್ತು. ಸ್ಥಳೀಯ ಟಿ.ವಿ. ಕೇಂದ್ರಗಳ ಜಾಹೀರಾತು ದರ ಆ ಲೆಕ್ಕದ ಮೇಲೆ ನಿಲ್ಲುತ್ತಿತ್ತು. ಅಂದಮೇಲೆ ಮೇ ತಿಂಗಳಿನಲ್ಲಿ ಯಾರಾದರೂ ಒಬ್ಬರು ಸಾವಿನ ದವಡೆಗೆ ಹೋಗಿ ಬರಲೇಬೇಕು. ನೋಡುಗ ಬೇಸಿಗೆಯ ರಜೆ ಕಳೆದು ಮತ್ತೆ ಸೆಪ್ಟೆಂಬರಿನಲ್ಲಿ ಅದೇ ವಾಹಿನಿಗೆ ಮರಳಬೇಕಲ್ಲ.

‘ಸಿಎಸ್‌ಐ’ಯನ್ನೇ ತೆಗೆದುಕೊಳ್ಳಿ. 2005ರ ಮೇ: ನಿಕ್ ಮಣ್ಣಿನಡಿ. 2006ರ ಮೇ: ಹಿರಿಯ ಪೊಲೀಸ್ ಅಧಿಕಾರಿ ಜಿಮ್ ಬ್ರಾಸ್‌ಗೆ ಗುಂಡು, ಆಸ್ಪತ್ರೆಯ ಹಾಸಿಗೆ. 2007ರ ಮೇ: ಸಾರಾ ಸೈಡಲ್ ಅಪಹರಣ, ಮರುಭೂಮಿಯಲ್ಲಿ ಮಗುಚಿದ ಕಾರಿನಡಿ. 2008ರ ಮೇ: ವಾರಿಕ್ ಬ್ರೌನ್‌ಗೆ ಗುಂಡು. ಆ ಕಚೇರಿಯಲ್ಲಿ ಏಪ್ರಿಲ್ ಬಂತೆಂದರೆ ಉದ್ಯೋಗಿಗಳು ಸಾಲಾಗಿ ರಜೆ ಹಾಕದೇ ಇದ್ದದ್ದೇ ಆಶ್ಚರ್ಯ.

ಇನ್ನೊಂದು ಕಾರಣ ಕರಾರುಪತ್ರ. ನಟರ ಒಪ್ಪಂದ, ಸಂಬಳ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಎಂಬುದೆಲ್ಲ ಸೀಸನ್‌ಗಳ ನಡುವೆಯೇ ತೀರ್ಮಾನವಾಗುವುದು. ಪಾತ್ರವೊಂದನ್ನು ಸಾವಿನ ಹೊಸ್ತಿಲಲ್ಲಿ ನಿಲ್ಲಿಸಿ ಪರದೆ ಎಳೆದರೆ ಎರಡೂ ಕಡೆಯ ಬಾಗಿಲು ತೆರೆದಿರುತ್ತದೆ. 2004ರ ಜುಲೈನಲ್ಲಿ ನಿಕ್ ಪಾತ್ರದ ಜಾರ್ಜ್ ಈಡ್ಸ್ ಮತ್ತು ಸಾರಾ ಪಾತ್ರದ ಜಾರ್ಜಾ ಫಾಕ್ಸ್ ಇಬ್ಬರನ್ನೂ ಕರಾರಿನ ಜಗಳದಲ್ಲಿ ವಾಹಿನಿ ಕೆಲಸದಿಂದ ತೆಗೆದು, ಸ್ವಲ್ಪ ದಿನಗಳಲ್ಲೇ ಮತ್ತೆ ಸೇರಿಸಿಕೊಂಡಿತ್ತು. ಮರುವರ್ಷವೇ ನಿಕ್ ಪೆಟ್ಟಿಗೆಗೆ ಬಿದ್ದ. ಒಂದಕ್ಕೊಂದು ಗಂಟು ಹಾಕುವ ಕೆಲಸ ನನ್ನದಲ್ಲ, ದಿನಾಂಕ ಬರೆದಿಡುವುದಷ್ಟೇ ನನ್ನ ಹಳೆಯ ಚಾಳಿ.

ಪ್ರಶ್ನೆ: ಸಹೋದ್ಯೋಗಿಯೇ ಅಪಹರಣವಾದಾಗ ಅದೇ ತಂಡ ತನಿಖೆ ನಡೆಸುವುದು ನಿಜ ಜೀವನದಲ್ಲಿ ಸಾಧ್ಯವೇ? ನೀವು ನ್ಯಾಯಾಲಯದಲ್ಲಿ ಇದ್ದವರು, ಅದಕ್ಕೇ ಕೇಳುತ್ತಿದ್ದೇನೆ.
— ಔಷಧ ಅಂಗಡಿಯ ಮಾಲೀಕರು

ಉತ್ತರ: ಜೀವ ಉಳಿಸುವ ಹುಡುಕಾಟಕ್ಕೆ ಯಾರು ಬೇಕಾದರೂ ಕೈಜೋಡಿಸಬಹುದು. ಮಣ್ಣು ಅಗೆಯಲು ನಿಷ್ಪಕ್ಷಪಾತ ಬೇಕಿಲ್ಲ. ಆದರೆ ಸಾಕ್ಷ್ಯ ಮುಟ್ಟುವ ಕೈ ಬೇರೆಯದೇ ಆಗಿರಬೇಕು. ವಾಲ್ಟರ್ ಗಾರ್ಡನ್ ಬದುಕಿ ಉಳಿದು, ಪ್ರಕರಣ ವಿಚಾರಣೆಗೆ ಬಂದಿತ್ತು ಎಂದುಕೊಳ್ಳಿ. ಅವನ ವಕೀಲ, ತಂಡದ ಮುಖ್ಯಸ್ಥ ಗ್ರಿಸಮ್‌ನನ್ನು ಕಟಕಟೆಗೆ ಹತ್ತಿಸಿ ಕೇಳುವ ಮೊದಲ ಪ್ರಶ್ನೆ ಏನು? ‘ಸ್ವಾಮಿ, ಪೆಟ್ಟಿಗೆಯಲ್ಲಿದ್ದವರು ನಿಮಗೆ ಮಗನಂತೆ, ಹೌದೇ?’ ಹೌದೆಂದರೆ ಅವನು ಮುಟ್ಟಿದ ಸಾಕ್ಷ್ಯಕ್ಕೆಲ್ಲ ಕಳಂಕ. ಇಲ್ಲವೆಂದರೆ ಸುಳ್ಳು ಸಾಕ್ಷಿ.

ಸಾಕ್ಷ್ಯದ ಪೊಟ್ಟಣ ಹೇಗಿರುತ್ತದೆ ಎಂಬುದನ್ನು ಈ ಸರಣಿಗಳಲ್ಲಿ ಯಾರೂ ತಾಳ್ಮೆಯಿಂದ ತೋರಿಸುವುದಿಲ್ಲ. ನನ್ನ ಕಾಲದಲ್ಲಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಹೊಲಿಗೆಯ ಮೇಲೆ ಅರಗು ಸುರಿದು ಮುದ್ರೆ ಒತ್ತಿರುತ್ತಿದ್ದರು. ಮೇಲೊಂದು ಚೀಟಿ: ಪ್ರಕರಣದ ಸಂಖ್ಯೆ, ವಸ್ತುವಿನ ವಿವರ, ಎಲ್ಲಿ ಸಿಕ್ಕಿತು, ಯಾವಾಗ, ಯಾರ ಎದುರು, ಸಹಿ. ಅದು ಕೈಯಿಂದ ಕೈಗೆ ಹೋದಾಗಲೆಲ್ಲ ವಹಿಯಲ್ಲಿ ಒಂದು ಸಾಲು. ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ಒಂದು ಮೊಕದ್ದಮೆ ನೆನಪಾಗುತ್ತಿದೆ. ಆರೋಪಿಯ ವಕೀಲರು ಮುದುಕರು, ದನಿ ಎತ್ತಿದವರಲ್ಲ. ರಕ್ತದ ಕಲೆ, ಚಾಕು, ಪ್ರತ್ಯಕ್ಷ ಸಾಕ್ಷಿ ಯಾವುದರ ತಂಟೆಗೂ ಹೋಗಲಿಲ್ಲ. ವಹಿಯಲ್ಲಿ ಎರಡು ಸಹಿಗಳ ನಡುವಿನ ದಿನಾಂಕಗಳನ್ನು ತೋರಿಸಿ, ಈ ಮಧ್ಯೆ ಪೊಟ್ಟಣ ಎಲ್ಲಿತ್ತು ಎಂದು ಕೇಳಿದರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಿಂತರು. ಉತ್ತರ ಬರಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಅಲ್ಲೇ ಕೇಸು ಕುಸಿದದ್ದು ಗೊತ್ತಾಯಿತು. ಅದನ್ನು ಹಿನ್ನೆಲೆ ಸಂಗೀತವಿಲ್ಲದೆ ನೋಡಿದವಳು ನಾನು. ಹಾಗಾಗಿ ಯಾರಾದರೂ ಸಾಕ್ಷ್ಯದ ಚೀಲವನ್ನು ಓಡುತ್ತ ಓಡುತ್ತ ಗೆಳೆಯನ ಕೈಗೆ ಎಸೆದರೆ ನನ್ನ ರಕ್ತದೊತ್ತಡ ಏರುತ್ತದೆ.

ಪ್ರಶ್ನೆ: ಇರುವೆ ನೋಡಿ ಜಾಗ ಪತ್ತೆ ಹಚ್ಚುವುದು ಕಾಗಕ್ಕ ಗುಬ್ಬಕ್ಕನ ಕಥೆಯಲ್ಲವೇ ಅಕ್ಕ? ಅದನ್ನು ನೀವು ಹೊಗಳಿದ್ದೀರಿ.
— ಕೃಷಿ ಪದವೀಧರ

ಉತ್ತರ: ತಮ್ಮಾ, ಕೃಷಿ ಓದಿದ ನೀನೇ ಕೀಟಗಳನ್ನು ಹೀಗೆ ಹಗುರ ಮಾಡಿದರೆ ಹೇಗೆ? ಪೆಟ್ಟಿಗೆಯೊಳಗೆ ಇರುವೆಗಳು ನುಗ್ಗಿ ನಿಕ್‌ನನ್ನು ಕಚ್ಚುತ್ತವೆ. ಕೀಟತಜ್ಞನಾದ ಗ್ರಿಸಮ್ ಪರದೆಯಲ್ಲೇ ಅವು ಬೆಂಕಿ ಇರುವೆಗಳೆಂದು ಗುರುತಿಸಿ, ಒಣಭೂಮಿಯಾದ ಆ ಪ್ರದೇಶದಲ್ಲಿ ಅವು ಇರಬಹುದಾದದ್ದು ಸಸಿ ಬೆಳೆಸುವ ನರ್ಸರಿಯಲ್ಲಿ ಎಂದು ತರ್ಕಿಸುತ್ತಾನೆ. ಮಸುಕಾದ ವಿಡಿಯೊ ನೋಡಿ ಜಾತಿ ಹೇಳುವುದು ಸ್ವಲ್ಪ ಅತಿಯೇ, ಒಪ್ಪುತ್ತೇನೆ. ಆದರೆ ತರ್ಕದ ದಾರಿ ಸರಿ: ಈ ಜೀವಿ ಎಲ್ಲೆಂದರಲ್ಲಿ ಬದುಕುವುದಿಲ್ಲ, ಆದ್ದರಿಂದ ಇಂಥ ಕಡೆ ಹುಡುಕು.

ಈ ವಿದ್ಯೆ ಟಿ.ವಿ.ಗಿಂತ ಬಹಳ ಹಳೆಯದು. ಚೀನಾದ ನ್ಯಾಯಾಧಿಕಾರಿ ಸಾಂಗ್ ಸಿ 1247ರಲ್ಲಿ ಶವಪರೀಕ್ಷೆಯ ಬಗ್ಗೆ ಪುಸ್ತಕ ಬರೆದ. ಕುಡುಗೋಲಿನಿಂದ ಕೊಲೆಯಾದ ಒಬ್ಬನ ಪ್ರಕರಣ ಅದರಲ್ಲಿದೆ. ತನಿಖೆ ನಡೆಸಿದ ಅಧಿಕಾರಿ ಊರವರ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಿನಲ್ಲಿ ನೆಲದ ಮೇಲೆ ಹರಡಿಸುತ್ತಾನೆ. ತೊಳೆದು ಥಳಥಳ ಹೊಳೆಯುತ್ತಿದ್ದ ಒಂದೇ ಒಂದು ಕುಡುಗೋಲಿನ ಮೇಲೆ ನೊಣಗಳು ಬಂದು ಕೂರುತ್ತವೆ. ಅದು ಯಾರದು ಎಂದು ಕೇಳಿದಾಗ ಮಾಲೀಕ ಮುಂದೆ ಬರುತ್ತಾನೆ, ಕೊನೆಗೆ ತಪ್ಪೊಪ್ಪಿಕೊಳ್ಳುತ್ತಾನೆ. ಸುಮಾರು ಎಂಟು ನೂರು ವರ್ಷದ ಹಿಂದಿನ ಈ ದೃಶ್ಯವನ್ನು ಯಾವ ಸೀಸನ್ನಿನ ಕೊನೆಗೆ ಬೇಕಾದರೂ ಇಡಬಹುದು. ಪತ್ತೇದಾರನಿಗೆ ಒಂದು ಗೀರೂ ಬೀಳುವ ಅಗತ್ಯವಿಲ್ಲ.

ಪ್ರಶ್ನೆ: ಏಳನೇ ಸೀಸನ್ನಿನಲ್ಲಿ ಕೊಲೆಗಾರ್ತಿ ಪ್ರತಿ ಕೊಲೆಯ ಜಾಗದಲ್ಲೂ ಅದೇ ಕೋಣೆಯ ಪುಟಾಣಿ ಮಾದರಿಯೊಂದನ್ನು ಇಟ್ಟು ಹೋಗುತ್ತಾಳೆ. ಸಾರಾಳ ಅಪಹರಣದ ಕೊನೆಯ ಕಂತು ನಿಮಗೆ ಇಷ್ಟವಾಯಿತೇ? ಇಂಥ ಮಾದರಿಗಳನ್ನು ಯಾರಾದರೂ ನಿಜಕ್ಕೂ ಮಾಡಿದ್ದಾರೆಯೇ?
— ಬೊಂಬೆ ತಯಾರಿಸುವ ಗೃಹಿಣಿ

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಆ ಕಂತಿಗೆ ನಾನು ‘ಗ್ರೇವ್ ಡೇಂಜರ್’ಗಿಂತ ಒಂದು ಗುಂಜಿ ಹೆಚ್ಚು ಅಂಕ ಕೊಡುತ್ತೇನೆ. ಅಲ್ಲಿಯೂ ತಂಡದವಳೇ ಬಲಿಪಶು, ಮೇ ತಿಂಗಳಿನ ಅದೇ ಹಳೆಯ ವರಸೆ. ಆದರೆ ಸುಳಿವು ವರ್ಷವಿಡೀ ಬೆಳೆದುಬಂದ ಅದೇ ಬೊಂಬೆಮನೆ. ಮರುಭೂಮಿಯ ಮಾದರಿ, ಮಗುಚಿದ ಪುಟ್ಟ ಕಾರು, ಅದರಡಿಯಿಂದ ಚಾಚಿದ ಬೊಂಬೆಯ ಕೈ. ಆ ಕೈ ಅಲ್ಲಾಡುವುದನ್ನು ನೋಡಿದ ಗಳಿಗೆಯಲ್ಲಿ ಗ್ರಿಸಮ್‌ಗೂ ನಮಗೂ ಒಟ್ಟಿಗೇ ಎಲ್ಲ ಅರ್ಥವಾಗುತ್ತದೆ. ಭಾವುಕತೆ ಬೇಕಾದಷ್ಟಿದೆ, ಆದರೆ ಅದು ಸಾಕ್ಷ್ಯದ ಮೂಲಕವೇ ಹಾದು ಬರುತ್ತದೆ. ನನಗೆ ಬೇಕಾದದ್ದು ಅಷ್ಟೇ.

ನಿಜ ಜೀವನದಲ್ಲಿ ಇಂಥ ಮಾದರಿ ಮಾಡಿದವರು ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಅಮೆರಿಕದ ಶ್ರೀಮಂತ ಮಹಿಳೆ. ಕೊಲ್ಲುವುದಕ್ಕಲ್ಲ, ಕಲಿಸುವುದಕ್ಕೆ. 1931ರಲ್ಲಿ ಹಾರ್ವರ್ಡ್‌ನಲ್ಲಿ ನ್ಯಾಯವೈದ್ಯಕೀಯ ವಿಭಾಗ ಶುರುವಾಗಲು ದುಡ್ಡು ಕೊಟ್ಟವರು ಅವರೇ. 1940ರ ದಶಕದಲ್ಲಿ ಸಂಶಯಾಸ್ಪದ ಸಾವುಗಳ ಕೋಣೆಗಳನ್ನು ಒಂದು ಅಡಿಗೆ ಒಂದು ಅಂಗುಲದ ಅಳತೆಯಲ್ಲಿ ಕಟ್ಟತೊಡಗಿದರು. ಪುಟಾಣಿ ಕಾಲುಚೀಲಗಳನ್ನು ಗುಂಡುಸೂಜಿಗಳಿಂದ ಹೆಣೆಯುತ್ತಿದ್ದರು. ಪೊಲೀಸರನ್ನು ಒಂದೊಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಕೈಯಲ್ಲಿ ಟಾರ್ಚು ಕೊಟ್ಟು, ಕಂಡದ್ದನ್ನು ಹೇಳಿ ಎನ್ನುತ್ತಿದ್ದರು. ನ್ಯೂ ಹ್ಯಾಂಪ್‌ಶೈರ್ ರಾಜ್ಯ ಪೊಲೀಸ್ ಅವರಿಗೆ ಕ್ಯಾಪ್ಟನ್ ಪದವಿ ಕೊಟ್ಟಿತು. ಹದಿನೆಂಟು ಮಾದರಿಗಳು ಬಾಲ್ಟಿಮೋರ್‌ನ ಮುಖ್ಯ ಶವಪರೀಕ್ಷಾ ಕಚೇರಿಯಲ್ಲಿವೆ. ಇವತ್ತಿಗೂ ತರಬೇತಿಗೆ ಬಳಕೆಯಾಗುತ್ತವೆ, ಹಾಗಾಗಿ ಅವುಗಳ ಉತ್ತರಗಳನ್ನು ಬಹಿರಂಗ ಮಾಡುವುದಿಲ್ಲ. ನೀವು ಬೊಂಬೆ ಮಾಡುವವರಾದ್ದರಿಂದ ಹೇಳುತ್ತಿದ್ದೇನೆ: ಗೋಡೆಯ ಕ್ಯಾಲೆಂಡರ್, ಒಲೆಯ ಮೇಲಿನ ಪಾತ್ರೆ, ಬಾಗಿಲ ಚಿಲಕ, ಆ ಕೋಣೆಗಳಲ್ಲಿ ಯಾವುದೂ ಸುಮ್ಮನೆ ಇಟ್ಟದ್ದಲ್ಲ.

ಪ್ರಶ್ನೆ: ಗುರುಗಳಂತೆ ಬೋಧಿಸುತ್ತೀರಿ. ಪರದೆಯ ಮೇಲೆ ಬೆರಳಚ್ಚು ಟಪಟಪ ಓಡಿ ‘ಹೊಂದಿಕೆಯಾಗಿದೆ’ ಎಂದು ಬಂದರೆ ಸಾಕಲ್ಲ? ಯಂತ್ರ ಸುಳ್ಳು ಹೇಳುತ್ತದೆಯೇ?
— ಸಾಫ್ಟ್‌ವೇರ್ ಎಂಜಿನಿಯರ್

ಉತ್ತರ: ಯಂತ್ರ ಅಷ್ಟು ಮಾತನ್ನೇ ಆಡುವುದಿಲ್ಲ. ಅದು ಹೋಲುವಂಥ ಬೆರಳಚ್ಚುಗಳ ಪಟ್ಟಿಯೊಂದನ್ನು ಮುಂದಿಡುತ್ತದೆ. ಇದೇ ಎಂದು ಹೇಳುವವನು ಭೂತಗನ್ನಡಿ ಹಿಡಿದ ಮನುಷ್ಯ. ಮನುಷ್ಯನ ಕೈಯಲ್ಲಿ ಏನಾಗಬಹುದು ಎಂಬುದಕ್ಕೆ 2004ರಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದ ನಂತರದ ಕಥೆ ಓದಿ. ಅಲ್ಲಿ ಚೀಲವೊಂದರ ಮೇಲೆ ಸಿಕ್ಕ ಬೆರಳಚ್ಚು ಒರೆಗಾನ್‌ನ ಒಬ್ಬ ವಕೀಲರದೆಂದು ಎಫ್‌ಬಿಐ ಖಚಿತವಾಗಿ ಹೇಳಿ ಅವರನ್ನು ಬಂಧಿಸಿತು. ಸ್ಪೇನಿನ ಪೊಲೀಸರಿಗೆ ಮೊದಲಿನಿಂದಲೂ ಅನುಮಾನವಿತ್ತು. ಕೊನೆಗೆ ಅವರು ಆ ಬೆರಳು ಬೇರೊಬ್ಬನದೆಂದು ತೋರಿಸಿಕೊಟ್ಟರು, ಎಫ್‌ಬಿಐ ಕ್ಷಮೆ ಕೇಳಿತು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಇನ್ನೂ ಖಾರವಾಗಿತ್ತು: ಡಿಎನ್‌ಎ ಪರೀಕ್ಷೆಯೊಂದನ್ನು ಬಿಟ್ಟರೆ, ಒಂದು ಕುರುಹನ್ನು ಒಬ್ಬನೇ ವ್ಯಕ್ತಿಗೆ ಕಟ್ಟಿಹಾಕುವ ಸಾಮರ್ಥ್ಯ ಬೇರೆ ಯಾವ ವಿಧಾನಕ್ಕೂ ಕಟ್ಟುನಿಟ್ಟಾಗಿ ಸಾಬೀತಾಗಿಲ್ಲ ಎಂದಿತು. ಕೂದಲಿನ ಹೋಲಿಕೆ, ಹಲ್ಲಿನ ಗುರುತು ಎಂದೆಲ್ಲ ನಾವು ಚಪ್ಪಾಳೆ ತಟ್ಟಿದ ಕಂತುಗಳನ್ನು ಈಗ ನೆನೆದುಕೊಳ್ಳಿ.

ಕೆಲ್ಲಿ ಗಾರ್ಡನ್‌ಳ ಕಡತ ತೆರೆಯಿರಿ ಎಂದು ನಾನು ಗೋಳಾಡುತ್ತಿರುವುದು ಇದಕ್ಕೇ. ಆ ಕಂತಿಗೆ ತನ್ನದೇ ಪ್ರಯೋಗಾಲಯವನ್ನು ಕಟಕಟೆಗೆ ಹತ್ತಿಸುವ ಅವಕಾಶ ಇತ್ತು. ಅದು ಬಿಟ್ಟು ಬಾಂಬನ್ನು ಆರಿಸಿಕೊಂಡಿತು.

ಪ್ರಶ್ನೆ: ಇಂಥ ಸರಣಿ ನೋಡಿದ ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕೂರುವ ಸಾಮಾನ್ಯ ನಾಗರಿಕರು, ಡಿಎನ್‌ಎ ಇಲ್ಲದೆ ಯಾರನ್ನೂ ಅಪರಾಧಿ ಎನ್ನುವುದಿಲ್ಲವಂತೆ, ಹೌದೇ?
— ನಿವೃತ್ತ ಪೊಲೀಸ್ ಅಧಿಕಾರಿ

ಉತ್ತರ: ವಕೀಲರು ಹಾಗೆ ದೂರುತ್ತಾರೆ, ಸೋತಾಗ ಇನ್ನೂ ಜೋರಾಗಿ. ಮಿಶಿಗನ್‌ನ ನ್ಯಾಯಾಧೀಶ ಡೊನಾಲ್ಡ್ ಶೆಲ್ಟನ್ ಜ್ಯೂರಿ ಕೆಲಸಕ್ಕೆ ಕರೆ ಬಂದ ಸುಮಾರು ಸಾವಿರ ಮಂದಿಯನ್ನು 2006ರಲ್ಲಿ ಕೇಳಿ ನೋಡಿದರು. ‘ಸಿಎಸ್‌ಐ’ ನೋಡುವವರು ವೈಜ್ಞಾನಿಕ ಸಾಕ್ಷ್ಯವನ್ನು ಹೆಚ್ಚಾಗಿ ನಿರೀಕ್ಷಿಸುತ್ತಿದ್ದರು, ನಿಜ. ಆದರೆ ಅದು ಸಿಗಲಿಲ್ಲವೆಂದು ಆರೋಪಿಯನ್ನು ಬಿಟ್ಟುಬಿಡುವ ಒಲವು ಬಹುಪಾಲು ಸನ್ನಿವೇಶಗಳಲ್ಲಿ ಅವರಲ್ಲಿ ಹೆಚ್ಚೇನೂ ಇರಲಿಲ್ಲ.

ಪ್ರಶ್ನೆ: ಹತ್ತು ವರ್ಷ ಹಳೆಯ ಸರಣಿಯ ಕೊಲೆಗಾರ ಯಾರೆಂದು ನನ್ನ ಭಾವ ಊಟದ ಹೊತ್ತಿನಲ್ಲಿ ಹೇಳಿಬಿಟ್ಟರು. ಅವರಿಗೆ ಏನು ಶಿಕ್ಷೆ?
— ನೊಂದ ನಾದಿನಿ

ಉತ್ತರ: ಅವರಿಗೆ ಸರಣಿಯ ಮೊದಲ ಸೀಸನ್ನಿನಿಂದ ಪೂರ್ತಿ ನಿಮ್ಮ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಶಿಕ್ಷೆ. ಜಾಮೀನು ಇಲ್ಲ.

ಪ್ರಶ್ನೆ: ಪತ್ತೇದಾರರ ಮನೆಯ ಕಥೆಯೇ ಬೇಡ ಎನ್ನುವುದಾದರೆ ಅವರು ಮನುಷ್ಯರೋ ಯಂತ್ರಗಳೋ? ಕೊನೆಯ ಕಂತುಗಳಲ್ಲಾದರೂ ಅವರ ನೋವು ಕಾಣಬಾರದೇ? ವಾರಿಕ್ ಸತ್ತ ಕಂತನ್ನು ನೀವು ಬೇಕೆಂದೇ ಮರೆತಿದ್ದೀರಿ.
— ದಾದಿ, ರಾತ್ರಿ ಪಾಳಿ

ಉತ್ತರ: ಮರೆತಿಲ್ಲ ಸಿಸ್ಟರ್, ಜಾಗ ಸಿಕ್ಕಿರಲಿಲ್ಲ. ನಿಮ್ಮ ಪ್ರಶ್ನೆಯೇ ಈ ಸಲದ ಪತ್ರಗಳಲ್ಲಿ ತೂಕದ್ದು.

ನೋವು ಬೇಡವೆಂದು ನಾನು ಹೇಳುತ್ತಿಲ್ಲ. ಅದು ಕೆಲಸದಿಂದಲೇ ಹುಟ್ಟಿ ಬರಲಿ ಎನ್ನುತ್ತಿದ್ದೇನೆ. ರಾತ್ರಿ ಪಾಳಿಯವರಾದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ವಾರ್ಡಿನಲ್ಲಿ ಆದದ್ದು ಮನೆಗೆ ಬರುತ್ತದೆ, ಊಟದ ತಟ್ಟೆಯ ಮುಂದೆ ಕೂರುತ್ತದೆ. ಆ ಬಗೆಯ ನೋವನ್ನು ತೋರಿಸಲು ಅಪಹರಣ ಬೇಕಾಗುವುದಿಲ್ಲ.

‘ಲಾ ಅಂಡ್ ಆರ್ಡರ್’ ನೋಡಿದ್ದೀರಾ? 1990ರಲ್ಲಿ ಶುರುವಾದ ಸರಣಿ. ಮೊದಲ ಅರ್ಧ ಪೊಲೀಸರು, ಉಳಿದರ್ಧ ಸರ್ಕಾರಿ ವಕೀಲರು, ಯಾರ ಮನೆಯ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ. ಅಷ್ಟು ಬಿಗಿಯಾದ ಸರಣಿಯೂ ಆರನೇ ಸೀಸನ್ನಿನ ಕೊನೆಯಲ್ಲಿ, 1996ರ ಮೇ ತಿಂಗಳಿನಲ್ಲಿ, ತನ್ನ ಕಟ್ಟಳೆಯನ್ನು ತಾನೇ ಮುರಿಯಿತು. ತಾವು ಶಿಕ್ಷೆ ಕೊಡಿಸಿದವನ ಮರಣದಂಡನೆಯನ್ನು ನಾಲ್ವರು ಕಣ್ಣಾರೆ ನೋಡುತ್ತಾರೆ. ಆಮೇಲೆ ಇಡೀ ಕಂತಿನಲ್ಲಿ ಹೊಸ ಅಪರಾಧವಿಲ್ಲ, ತನಿಖೆಯಿಲ್ಲ. ಒಬ್ಬೊಬ್ಬರೂ ಆ ದಿನವನ್ನು ಹೇಗೆ ಕಳೆಯುತ್ತಾರೆ ಎಂಬುದಷ್ಟೇ. ವರ್ಷಗಳಿಂದ ಕುಡಿತ ಬಿಟ್ಟಿದ್ದ ಹಿರಿಯ ಪತ್ತೇದಾರ ಬ್ರಿಸ್ಕೋ ಮತ್ತೆ ಬಾಟಲಿ ಹಿಡಿಯುತ್ತಾನೆ. ಅವನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ಯುವ ವಕೀಲೆ ಕ್ಲೇರ್ ಕಿಂಕೇಡ್ ಅಪಘಾತಕ್ಕೆ ಸಿಕ್ಕುತ್ತಾಳೆ. ಆ ವರ್ಷ ನಟಿಯೂ ಸರಣಿ ಬಿಡುತ್ತಿದ್ದರು, ಕರಾರಿನ ಗಾಳಿ ಅಲ್ಲಿಯೂ ಬೀಸಿತ್ತು. ಆದರೂ ಆ ಕಂತಿಗೆ ನಾನು ಒಂದು ತಕರಾರನ್ನೂ ಬರೆದಿಟ್ಟುಕೊಳ್ಳಲಿಲ್ಲ. ಕಡತ ಮುಚ್ಚಿದ ಮೇಲೂ ಅದನ್ನು ಹೊತ್ತವರ ಭುಜ ನೋಯುತ್ತದೆ ಎಂಬುದನ್ನು ಅಷ್ಟು ನೇರವಾಗಿ ಹೇಳಿದ ಇನ್ನೊಂದು ಕಂತನ್ನು ನಾನು ನೋಡಿಲ್ಲ.

ಇನ್ನು ವಾರಿಕ್. ಎಂಟನೇ ಸೀಸನ್ನು ಬರಹಗಾರರ ಮುಷ್ಕರದಿಂದ ಹದಿನೇಳೇ ಕಂತಿಗೆ ಮುಗಿಯಿತು. ಕೊನೆಯಲ್ಲಿ, ಕೊಲೆಯ ಆರೋಪದಿಂದ ಆಗಷ್ಟೇ ಪಾರಾದ ಅವನಿಗೆ ಉಪ-ಶೆರಿಫ್ ಮೆಕೀನ್ ಗುಂಡು ಹೊಡೆಯುತ್ತಾನೆ. ಮುಂದಿನ ಸೀಸನ್ನಿನ ಮೊದಲ ಕಂತಿನಲ್ಲಿ ವಾರಿಕ್ ಗ್ರಿಸಮ್‌ನ ತೋಳಿನಲ್ಲಿ ಸಾಯುತ್ತಾನೆ. ಕೊಂದವನು ಹೊರಗಿನ ವಿಕೃತನಲ್ಲ, ಇಲಾಖೆಯ ಒಳಗಿನವನೇ. ತಂಡ ಅವನನ್ನು ಹಿಡಿಯುವುದು ಅಳುತ್ತ ಕೂತಲ್ಲ, ಸಾಕ್ಷ್ಯ ಜೋಡಿಸಿ. ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆ ಮೊದಲ ಕಂತನ್ನು ನಾನು ಎರಡನೇ ಸಲ ನೋಡುವ ಧೈರ್ಯ ಮಾಡಿಲ್ಲ ಎಂಬುದನ್ನು ಮಾತ್ರ ಮೇಲಿನ ಬ್ಯಾಂಕ್ ಉದ್ಯೋಗಿಗೆ ತಿಳಿಸಬೇಡಿ.

ಪ್ರಶ್ನೆ: ‘ಕ್ಯಾಸಲ್’ ಸರಣಿಯ ಕೊನೆ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಂಡು ತಿಂದು ನೆಲದ ಮೇಲೆ ಬಿದ್ದವರು ಮರುಕ್ಷಣ ಮಕ್ಕಳೊಂದಿಗೆ ಉಪಾಹಾರದ ಮೇಜಿಗೆ ಬಂದು ಕೂತರು!
— ಕಾಲೇಜು ವಿದ್ಯಾರ್ಥಿನಿ

ಉತ್ತರ: 2016ರ ಏಪ್ರಿಲ್‌ನಲ್ಲಿ ನಾಯಕಿ ಸ್ಟಾನಾ ಕ್ಯಾಟಿಕ್ ಮುಂದಿನ ಸೀಸನ್ನಿಗೆ ಇರುವುದಿಲ್ಲವೆಂದು ಸುದ್ದಿ ಬಂತು. ಮೇ ತಿಂಗಳಿನಲ್ಲಿ ಸರಣಿಯೇ ಇರುವುದಿಲ್ಲವೆಂದು ಗೊತ್ತಾಯಿತು. ಸರಣಿ ಮುಂದುವರಿದರೆ ಗುಂಡೇಟಿಗೆ ಕಥೆ ನಿಲ್ಲಬೇಕು, ನಿಂತರೆ ಸುಖಾಂತ್ಯ ಬೇಕು. ಹಾಗಾಗಿ ನೆಲದ ಮೇಲೆ ಬಿದ್ದವರ ದೃಶ್ಯಕ್ಕೆ ‘ಏಳು ವರ್ಷಗಳ ನಂತರ’ ಎಂಬ ಒಂದು ತುಣುಕನ್ನು ಅಂಟಿಸಿದರು. ಹೊಲಿಗೆ ಕಾಣುತ್ತದೆ, ನೀವು ಕಂಡುಹಿಡಿದಿದ್ದೀರಿ. ನಗಿ, ಅದರಲ್ಲಿ ತಪ್ಪೇನೂ ಇಲ್ಲ. ಎಂಟು ಸೀಸನ್ ನೋಡಿದವರಿಗೆ ಅಷ್ಟು ಹಕ್ಕು ಇದೆ.

ಪ್ರಶ್ನೆ: ನನ್ನ ಯಜಮಾನರು ಕಂತು ಶುರುವಾದ ಹತ್ತೇ ನಿಮಿಷಕ್ಕೆ ಕೊಲೆಗಾರ ಯಾರೆಂದು ಹೇಳುತ್ತಾರೆ, ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಸುಳಿವು ಏನೂ ಗಮನಿಸುವುದಿಲ್ಲ, ಅರ್ಧ ಹೊತ್ತು ಮೊಬೈಲ್ ನೋಡುತ್ತಿರುತ್ತಾರೆ. ಇದು ಹೇಗೆ ಸಾಧ್ಯ?
— ಸೋತು ಸುಣ್ಣವಾದ ಹೆಂಡತಿ

ಉತ್ತರ: ಅವರು ಕಥೆ ನೋಡುತ್ತಿಲ್ಲ, ನಟರ ಪಟ್ಟಿ ನೋಡುತ್ತಿದ್ದಾರೆ. ಬೇರೆ ಕಡೆ ಹೆಸರು ಮಾಡಿದ ಮುಖವೊಂದು ಅತಿಥಿಯಾಗಿ ಬಂದು, ‘ನನಗೇನೂ ಗೊತ್ತಿಲ್ಲ’ ಎಂಬ ಎರಡು ಸಾಲು ಹೇಳಿ ಹೊರಟರೆ, ಅಷ್ಟು ದುಡ್ಡು ಕೊಟ್ಟು ಕರೆಸಿದ್ದು ಆ ಎರಡು ಸಾಲಿಗಲ್ಲ ಎಂದು ನಿಮ್ಮ ಯಜಮಾನರಿಗೆ ಗೊತ್ತು. ಅವರನ್ನು ಸೋಲಿಸುವ ಉಪಾಯವಿದೆ. ಸೀಸನ್ನಿನ ಕೊನೆಯ ಎರಡು ಮೂರು ಕಂತು ಹಾಕಿ. ಅಲ್ಲಿ ಹೆಸರಾಂತ ಅತಿಥಿಗಳು ಒಬ್ಬರಿಗಿಂತ ಹೆಚ್ಚಿರುತ್ತಾರೆ, ಅವರ ಲೆಕ್ಕ ತಪ್ಪುತ್ತದೆ. ‘ಗ್ರೇವ್ ಡೇಂಜರ್’ನಲ್ಲೇ ಟೋನಿ ಕರ್ಟಿಸ್, ಫ್ರಾಂಕ್ ಗೋರ್ಶಿನ್ ಎಂಬ ಇಬ್ಬರು ಹಳೆಯ ಘಟಾನುಘಟಿಗಳು ಕಥೆಗೆ ಸಂಬಂಧವೇ ಇಲ್ಲದೆ ಕೂತು ಹರಟೆ ಹೊಡೆಯುತ್ತಾರೆ. ಯಜಮಾನರು ಇಬ್ಬರನ್ನೂ ಬಂಧಿಸಲಿ, ನೀವು ಸುಮ್ಮನಿರಿ.